ಮೀನಿನ ತೊಟ್ಟಿಯನ್ನು ನಲ್ಲಿ ಕೆಳಗೆ ಹಿಡಿಯಬೇಡಿ

ಭಾನುವಾರ ಬಂದರೆ ಸಾಕು, ನಮ್ಮ ಅಪಾರ್ಟ್‌ಮೆಂಟಿನ ಹುಡುಗರಿಗೆ ಮೀನಿನ ತೊಟ್ಟಿ ತೊಳೆಯುವ ಹುಮ್ಮಸ್ಸು. ಮೀನನ್ನು ಮಗ್ಗಿಗೆ ಹಾಕುವುದು, ಇದ್ದ ನೀರನ್ನೆಲ್ಲ ಬಚ್ಚಲಿಗೆ ಚೆಲ್ಲುವುದು, ಕಲ್ಲುಗಳಿಗೆ ಸೋಪು ಹಚ್ಚಿ ಉಜ್ಜುವುದು, ನಲ್ಲಿ ನೀರು ಸುರಿದು ಗಾಜು ಫಳಫಳ ಅಂತ ಫೋಟೊ ತೆಗೆಯುವುದು. ಬುಧವಾರದ ಹೊತ್ತಿಗೆ ಮೀನು ಹೊಟ್ಟೆ ಮೇಲಾಗಿ ತೇಲುತ್ತಿರುತ್ತದೆ. ಆಮೇಲೆ ಅಂಗಡಿಯವನಿಗೆ ಬೈಗುಳ. ಪಾಪ, ಅವನದೇನು ತಪ್ಪು?

ಕಣ್ಣಿಗೆ ತಿಳಿಯಾಗಿ ಕಂಡ ನೀರೆಲ್ಲ ಮೀನಿಗೆ ಆಗುವುದಿಲ್ಲ. ಬೆಂಗಳೂರಿನ ಕಾವೇರಿ ನೀರಿಗೆ ಕ್ಲೋರಿನ್ ಹಾಕಿರುತ್ತಾರೆ. ನಮಗೆ ಅದು ಬೇಕು, ಆದರೆ ಮೀನಿನ ಕಿವಿರನ್ನು ಸುಡುತ್ತದೆ. ಬೋರ್‌ವೆಲ್ ನೀರಿನ ಕಥೆಯೇ ಬೇರೆ, ಅದು ಗಡಸು. ಪರೀಕ್ಷೆಗೆ ಕಿಟ್ ಬೇಡ, ಅಡುಗೆಮನೆ ಹೇಳುತ್ತದೆ: ಬೇಳೆ ಬೇಯುವುದಿಲ್ಲ, ಸೋಪು ನೊರೆ ಬರುವುದಿಲ್ಲ, ನಲ್ಲಿ ಬಾಯಿಗೆ ಬಿಳಿ ಕರೆ ಕಟ್ಟುತ್ತದೆ. (ಆ ಕರೆಯನ್ನು ಚಾಕುವಿನಲ್ಲಿ ಕೆರೆಯಬೇಡಿ. ಹಿಂಡಿದ ನಿಂಬೆ ಸಿಪ್ಪೆ ಕವುಚಿಟ್ಟು ಸ್ವಲ್ಪ ಹೊತ್ತು ಬಿಡಿ, ತಾನೇ ಬಿಡುತ್ತದೆ.) ಗಡಸು ನೀರೆಂದು ಹೆದರಬೇಕಿಲ್ಲ. ಗಪ್ಪಿ, ಮೋಲಿ, ಗೋಲ್ಡ್‌ಫಿಶ್ ಅದರಲ್ಲಿ ಚೆನ್ನಾಗಿಯೇ ಇರುತ್ತವೆ. ನಿಯಾನ್ ಟೆಟ್ರಾ ಮೆದು ನೀರಿನದು, ಅದನ್ನು ತಂದು ಗೋಳಾಡಿಸಬೇಡಿ. ಮನೆಗೆ ಬರುವ ನೀರು ನೋಡಿ ಮೀನು ತನ್ನಿ. ಇನ್ನು ಶುದ್ಧ ಅಂತ ಬರೀ ಆರ್‌ಓ ನೀರು ತುಂಬುವವರಿದ್ದಾರೆ. ಮೀನಿಗೆ ಬೇಕಾದ ಲವಣವೇ ಅದರಲ್ಲಿ ಇರುವುದಿಲ್ಲ, ಅಲ್ವಾ?

ಈಗ ನನ್ನ ಪದ್ಧತಿ ಕೇಳಿ. ಅಗಲ ಬಾಯಿಯ ಟಬ್ಬೊಂದನ್ನು ಮೀನಿಗೆಂದೇ ಎತ್ತಿಡಿ. ಅದಕ್ಕೆ ಜನ್ಮದಲ್ಲಿ ಸೋಪು ಸೋಕಬಾರದು, ನೆಲ ಒರೆಸುವವರ ಕೈಗೂ ಸಿಗಬಾರದು. ನೀರು ಹಿಡಿದು, ಇನ್ನೊಂದು ಸೋಪು ಕಾಣದ ಬಕೆಟ್‌ಗೆ ಎತ್ತರದಿಂದ ಸುರಿಯಿರಿ, ಮತ್ತೆ ಟಬ್ಬಿಗೆ, ಮತ್ತೆ ಬಕೆಟ್‌ಗೆ. ಕಾಫಿ ಆರಿಸಿದ ಹಾಗೆ, ಕೈ ಸೋಲುವವರೆಗೆ. ಗಾಳಿ ಬೆರೆತಷ್ಟೂ ಕ್ಲೋರಿನ್ ಬೇಗ ಹಾರಿಹೋಗುತ್ತದೆ. ಆಮೇಲೆ ಮುಚ್ಚಳ ಮುಚ್ಚದೆ, ತೆಳು ಬಟ್ಟೆ ಹೊದಿಸಿ, ತೊಟ್ಟಿ ಇರುವ ಕೋಣೆಯಲ್ಲೇ ಒಂದು ದಿನ ಇಡಿ. ಬಚ್ಚಲಲ್ಲಿಟ್ಟರೆ ತಣ್ಣಗಾಗುತ್ತದೆ. ಮರುದಿನ ಒಂದು ಕೈ ಟಬ್ಬಿಗೆ, ಒಂದು ಕೈ ತೊಟ್ಟಿಗೆ ಹಾಕಿ ನೋಡಿ. ಎರಡೂ ಒಂದೇ ಹದ ಅನ್ನಿಸಬೇಕು. ಅನ್ನಿಸಿದರೂ ದಬಕ್ಕನೆ ಸುರಿಯಬೇಡಿ! ಟಬ್ಬನ್ನು ಸ್ಟೂಲಿನ ಮೇಲೆ ತೊಟ್ಟಿಗಿಂತ ಎತ್ತರಕ್ಕಿಟ್ಟು, ಗಾಳಿ ಪಂಪಿನ ತೆಳು ಪೈಪಿಗೆ ನೀರು ತುಂಬಿಸಿ ಟಬ್ಬಿನಿಂದ ತೊಟ್ಟಿಗೆ ಇಳಿಬಿಟ್ಟು, ಪೈಪಿಗೊಂದು ಸಡಿಲ ಗಂಟು ಹಾಕಿ. ಗಂಟು ಬಿಗಿಸುತ್ತ ಹೋದರೆ ಧಾರೆ ಹನಿಯಾಗುತ್ತದೆ. ಒಂದು ಬಟ್ಟಲು ಅವರೆಕಾಯಿ ಸುಲಿಯುವಷ್ಟು ಹೊತ್ತು ಹನಿಯಲಿ. ನನ್ನ ಮೊಮ್ಮಗ ನಗುತ್ತಾನೆ. ನಗಲಿ.

ನಮ್ಮೂರ ಬಾವಿಗೆ ಸೊಳ್ಳೆ ಮರಿ ತಿನ್ನಲಿ ಅಂತ ಗಪ್ಪಿ ಬಿಟ್ಟಿದ್ದರು. ಯಾರೂ ಮೇವು ಹಾಕುತ್ತಿರಲಿಲ್ಲ, ತೊಳೆಯುತ್ತಲೂ ಇರಲಿಲ್ಲ, ಆದರೂ ಮರಿ ಹಾಕಿಕೊಂಡು ಇದ್ದವು. ನಾವು ಸೇದಿದಷ್ಟು ನೀರು ಒರತೆಯಿಂದ ನಿಧಾನಕ್ಕೆ ತುಂಬುತ್ತಿತ್ತು ನೋಡಿ. ತೊಟ್ಟಿಯಲ್ಲೂ ವಾರಕ್ಕೊಮ್ಮೆ ಕಾಲು ಭಾಗ ನೀರು ತೆಗೆದು, ಅಷ್ಟೇ ಹೊಸ ನೀರು ಹಾಕಿದರೆ ಸಾಕು.

ಫಿಲ್ಟರಿನ ಸ್ಪಂಜನ್ನು, ತೊಟ್ಟಿಯಿಂದ ತೆಗೆದ ಆ ಹಳೆ ನೀರಲ್ಲೇ ಅದ್ದಿ ಹಿಂಡಿ. ಮೀನಿನ ಗಲೀಜನ್ನು ಅರಗಿಸುವ ಬ್ಯಾಕ್ಟೀರಿಯಾ ಮನೆ ಮಾಡಿರುವುದು ಅಲ್ಲೇ. ನಲ್ಲಿ ಕೆಳಗೆ ಹಿಂಡಿದರೆ ಅವು ಸಾಯುತ್ತವೆ, ಮತ್ತೆ ನೆಲೆಗೊಳ್ಳಲು 4ರಿಂದ 6 ವಾರ ಹಿಡಿಯಬಹುದು.