ಹೊಲಕ್ಕೆ ಹಾಕುವ ಮುನ್ನ ಬಯೋಚಾರ್ ಅನ್ನು ಬಿಸಿಲು ಮಳೆಗೆ ಹದಗೊಳಿಸುವ ಕ್ರಮ

ದಾವಣಗೆರೆಯ ಮೆಕ್ಕೆಜೋಳದ ದಿಂಡನ್ನೋ ಚಳ್ಳಕೆರೆ ಕಡೆಯ ಬಳ್ಳಾರಿ ಜಾಲಿಯನ್ನೋ ಗಾಳಿಯಾಡದಂತೆ ಸುಟ್ಟು ಮಾಡಿದ ಬಯೋಚಾರ್, ಅಂದರೆ ಮಣ್ಣಿಗೆ ಸೇರಿಸುವ ಇದ್ದಿಲು, ಹೊಸದಾಗಿರುವಾಗ ಸಾಮಾನ್ಯವಾಗಿ 8ರಿಂದ 10ರಷ್ಟು ರಸಸಾರ (ಪಿಎಚ್, ಅಂದರೆ ಹುಳಿ-ಕ್ಷಾರದ ಅಳತೆ; 7ಕ್ಕಿಂತ ಹೆಚ್ಚಿದ್ದರೆ ಕ್ಷಾರ) ಹೊಂದಿರುತ್ತದೆ. ಹಿರಿಯೂರು ಭಾಗದಲ್ಲಿರುವಂತಹ ಕ್ಷಾರಯುಕ್ತ ಎರೆಭೂಮಿಗೆ ಅದನ್ನು ಹಾಗೆಯೇ ಹಾಕಿದರೆ ಸತು, ಕಬ್ಬಿಣಗಳು ಬೆಳೆಗೆ ಸಿಗುವುದು ಮತ್ತಷ್ಟು ಕಷ್ಟವಾಗಬಹುದು. ಆದ್ದರಿಂದ ಅಂತಹ ಹೊಲಗಳಿಗೆ ಹದಗೊಳಿಸಿದ ಇದ್ದಿಲನ್ನೇ ಬಳಸಬೇಕೆಂಬುದು ನನ್ನ ಖಚಿತ ಅಭಿಪ್ರಾಯ.

ಬಿಸಿಲಿನ ನೇರಳಾತೀತ ಕಿರಣಗಳು, ಗಾಳಿಯ ಆಮ್ಲಜನಕ ಮತ್ತು ತೇವ ಒಟ್ಟಾಗಿ ಇದ್ದಿಲಿನ ಮೇಲ್ಮೈಯನ್ನು ನಿಧಾನವಾಗಿ ಉತ್ಕರ್ಷಿಸುತ್ತವೆ, ಅಂದರೆ ಅದಕ್ಕೆ ಆಮ್ಲಜನಕ ಸೇರುವಂತೆ ಮಾಡುತ್ತವೆ. ಆಗ ಅಲ್ಲಿ ಕಾರ್ಬಾಕ್ಸಿಲ್‌ನಂತಹ ಆಮ್ಲಜನಕಯುಕ್ತ ರಾಸಾಯನಿಕ ಗುಂಪುಗಳು ಮೂಡಿ, ನೀರನ್ನು ಒಲ್ಲದಿದ್ದ ಮೇಲ್ಮೈ ನೀರನ್ನು ಹೀರತೊಡಗುತ್ತದೆ, ಅಮೋನಿಯಂ, ಕ್ಯಾಲ್ಸಿಯಂಗಳನ್ನು ಹಿಡಿದಿಡುವ ಶಕ್ತಿ ಹೆಚ್ಚುತ್ತದೆ, ರಸಸಾರ ಇಳಿಯುತ್ತದೆ. ಅಮೆಜಾನ್ ಕಣಿವೆಯ ಪುರಾತನ ಕಪ್ಪು ಮಣ್ಣಿನ ಫಲವತ್ತತೆಗೆ ಶತಮಾನಗಳ ಕಾಲ ಹೀಗೆ ಮಾಗಿದ ಇದ್ದಿಲೇ ಒಂದು ಮುಖ್ಯ ಕಾರಣ. ಒಂದು ಬೇಸಿಗೆಯಲ್ಲಿ ಅಷ್ಟು ಬದಲಾವಣೆಯಾಗದು. ಹೊರಪದರ ಮಾತ್ರ ಹದಕ್ಕೆ ಬರುತ್ತದೆ.

ಮೊದಲು ಇದ್ದಿಲನ್ನು ನೀರು ಹಾಕಿ ಒಳಗಿನವರೆಗೂ ತಣಿಸಿರಿ, ಏಕೆಂದರೆ ಹೊಸ ಇದ್ದಿಲು ರಾಶಿಯಲ್ಲಿ ಆಮ್ಲಜನಕ ಹೀರಿ ತಾನಾಗಿಯೇ ಕಾದು ಹೊತ್ತಿಕೊಳ್ಳಬಹುದು. ಬಳಿಕ ಬಟಾಣಿ ಕಾಳಿನಷ್ಟು ಪುಡಿಮಾಡಿ, ತುಸು ಇಳಿಜಾರಾಗಿ ಹಾಸಿದ ಟಾರ್ಪಾಲಿನ ಮೇಲೆ ಎರಡು ಬೆರಳು ದಪ್ಪಕ್ಕೆ ಹರಡಿರಿ. ಬೆಳಕು ಮೇಲ್ಪದರಕ್ಕಷ್ಟೇ ತಾಗುವುದರಿಂದ ಕುಂಟೆಯಿಂದ ಆಗಾಗ ಮಗುಚುತ್ತ, ಸಂಜೆ ನೀರು ಚಿಮುಕಿಸಿ ಹಗಲು ಒಣಗಲು ಬಿಡಿರಿ. ಈ ನೆನೆಯುವಿಕೆ, ಒಣಗುವಿಕೆಗಳಿಂದ ತುಂಡುಗಳು ಬಿರಿದು ಹೊಸ ಮೇಲ್ಮೈ ತೆರೆದುಕೊಳ್ಳುತ್ತದೆ. ದೂಳು ಗಾಳಿಗೆ ಹಾರದಂತೆ ತೇವ ಉಳಿಸಿಕೊಳ್ಳುವುದೂ, ಮಗುಚುವಾಗ ಮೂಗಿಗೆ ಬಟ್ಟೆ ಕಟ್ಟಿಕೊಳ್ಳುವುದೂ ಅಗತ್ಯ. ಮುಂಗಾರು ಪೂರ್ವದ ಮಳೆ ಬೂದಿಯ ಲವಣಗಳನ್ನು ತೊಳೆಯುವಾಗ ಪೊಟ್ಯಾಷ್ ಕೂಡ ಹರಿದುಹೋಗುತ್ತದೆ. ಆ ನೀರನ್ನು ಡ್ರಮ್ಮಿನಲ್ಲಿ ಹಿಡಿದು ತಿಪ್ಪೆಗೆ ಹಾಕಿರಿ.

ಹದ ತಿಳಿಯಲು ಒಣ ತುಂಡಿನ ಮೇಲೆ ಒಂದು ಹನಿ ನೀರು ಬಿಡಿರಿ. ಹನಿ ಮಣಿಯಂತೆ ನಿಂತರೆ ಇನ್ನೂ ಬಿಸಿಲು ಬೇಕು, ತಕ್ಷಣ ಇಂಗಿದರೆ ಮೇಲ್ಮೈ ಬದಲಾಗಿದೆ. ಒಂದು ಪಾಲು ಇದ್ದಿಲನ್ನು ಹತ್ತು ಪಾಲು ಬಟ್ಟಿ ಇಳಿಸಿದ ನೀರಿನಲ್ಲಿ ನೆನೆಸಿ ರಸಸಾರ ನೋಡುವುದು ಇನ್ನೂ ಹೆಚ್ಚು ನಂಬಬಹುದಾದ ಪರೀಕ್ಷೆ.

ಚನ್ನಗಿರಿಯ ಅಡಿಕೆ ತೋಟದ ಮಣ್ಣು ಪರೀಕ್ಷೆಯಲ್ಲಿ ಹುಳಿಯೆಂದು ಕಂಡುಬಂದರೆ ಇಷ್ಟು ತೊಳೆಯಬೇಕಿಲ್ಲ, ಅಲ್ಲಿ ಆ ಕ್ಷಾರಗುಣವೇ ಉಪಯೋಗಕ್ಕೆ ಬರುತ್ತದೆ. ಎರಡೂ ಕಡೆ ಇದ್ದಿಲನ್ನು ಸಗಣಿ, ಗಂಜಲದಲ್ಲಿ ಕೆಲವು ವಾರ ಮಾಗಿಸಿಯೇ ಹೊಲಕ್ಕೆ ಒಯ್ಯಬೇಕು. ಇಲ್ಲವಾದರೆ ಅದು ಮಣ್ಣಿನ ಸಾರಜನಕವನ್ನು ಹಿಡಿದಿಟ್ಟು ಮೊದಲ ಬೆಳೆಗೆ ಕೊರತೆ ಮಾಡಬಹುದು.