ಕಾಸ್ಟಿಕ್ ಸೋಡಾ ಕರಗಿಸುವ ಮುನ್ನ ಶಾಖದ ಲೆಕ್ಕ ಹಾಕಿ
ಕಾಸ್ಟಿಕ್ ಸೋಡಾ, ಅಂದರೆ ಸೋಡಿಯಂ ಹೈಡ್ರಾಕ್ಸೈಡ್, ನೀರಿನಲ್ಲಿ ಕರಗುವಾಗ ಪ್ರತಿ ಮೋಲ್‌ಗೆ, ಅಂದರೆ 40 ಗ್ರಾಂಗೆ, ಸುಮಾರು 44 ಕಿಲೋಜೂಲ್ ಶಾಖ ಹೊರಬರುತ್ತದೆ. ಒಂದು ಲೀಟರ್ ನೀರನ್ನು 1 ಡಿಗ್ರಿ ಬಿಸಿ ಮಾಡಲು 4.18 ಕಿಲೋಜೂಲ್ ಸಾಕು. ಹಾಗಾಗಿ 1 ಮೋಲಾರ್ (ಲೀಟರಿಗೆ ಒಂದು ಮೋಲ್) ದ್ರಾವಣದ ಉಷ್ಣತೆ ಸುಮಾರು 10 ಡಿಗ್ರಿ ಏರುತ್ತದಷ್ಟೆ. 10 ಮೋಲಾರ್ ಮಾಡಹೊರಟರೆ ಕುದಿಯುವ ಹಂತದ ಹತ್ತಿರಕ್ಕೆ ಹೋಗಿ ಸಿಡಿಯಬಹುದು. ಕನ್ನಡಕ, ಕೈಗವಸು ಹಾಕಿಕೊಂಡು, ಬೀಕರನ್ನು ಐಸ್ ನೀರಿನಲ್ಲಿಟ್ಟು, ಕಲಕುತ್ತಾ ಸ್ವಲ್ಪಸ್ವಲ್ಪವೇ ಸೋಡಾ ಸೇರಿಸಿ. ಸೋಡಾದ ಮೇಲೆ ನೀರನ್ನು ಎಂದೂ ಸುರಿಯಬೇಡಿ.

ಹಲವರು ಎಡವುವುದು ಇದರ ನಂತರ: ಬಿಸಿಯಿರುವಾಗಲೇ ವಾಲ್ಯುಮೆಟ್ರಿಕ್ ಫ್ಲಾಸ್ಕಿನ (ನಿಖರ ಅಳತೆಗೆ ಕತ್ತಿನ ಮೇಲೆ ಗೆರೆ ಇರುವ ಗಾಜಿನ ಪಾತ್ರೆ) ಗೆರೆಯವರೆಗೆ ನೀರು ತುಂಬಿಬಿಡುತ್ತಾರೆ. ತಣಿದಾಗ ದ್ರಾವಣ ಕುಗ್ಗಿ ಮಟ್ಟ ಇಳಿಯುತ್ತದೆ, ಸಾಂದ್ರತೆ ಲೆಕ್ಕಕ್ಕಿಂತ ಹೆಚ್ಚಾಗುತ್ತದೆ. ಫ್ಲಾಸ್ಕಿನ ಮೇಲೆ ನಮೂದಿಸಿರುವ ಉಷ್ಣತೆಗೆ, ಸಾಮಾನ್ಯವಾಗಿ 20 ಡಿಗ್ರಿಗೆ, ತಣಿಸಿದ ಮೇಲೆಯೇ ಗೆರೆ ಮುಟ್ಟಿಸಿ.