ತೋಡಿಯ ಸ್ವರ, ಆದರೆ ಗಮಕವಿಲ್ಲ

ಮೈಸೂರಿನಲ್ಲಿ 12 ವರ್ಷ ಕರ್ನಾಟಕ ಸಂಗೀತದ ಪಿಟೀಲು ಕಲಿತವಳು ನಾನು. ಇಂಗ್ಲೆಂಡಿಗೆ ಬಂದಮೇಲೆ ಪಿಟೀಲಿಗಿಂತ ತುಸು ದೊಡ್ಡದಾದ ವಿಯೋಲಾ ಹಿಡಿದೆ. ಹೋದ ಚಳಿಗಾಲ ನಮ್ಮೂರಿನ ಹವ್ಯಾಸಿ ಆರ್ಕೆಸ್ಟ್ರಾದಲ್ಲಿ ಇಂಗ್ಲಿಷ್ ಸಂಗೀತಕಾರರಾದ ಎಲ್ಗರ್ ಅವರ ಸೆರೆನೇಡ್ ಮತ್ತು ವಾನ್ ವಿಲಿಯಮ್ಸ್ ಅವರ ಟಾಲಿಸ್ ಫ್ಯಾಂಟೇಸಿಯಾ ಅನ್ನುವ ಕೃತಿಗಳನ್ನು ನುಡಿಸಿದೆವು. ಸೆರೆನೇಡ್ ಬೇಗ ಕೈಗೆ ಕೂತಿತು. ಒದ್ದಾಡಿದ್ದು ಟಾಲಿಸ್ ಜೊತೆ.

ಅದರ ಮೂಲ, ಥಾಮಸ್ ಟಾಲಿಸ್ ಅನ್ನುವ ಇಂಗ್ಲಿಷ್ ಸಂಗೀತಕಾರ 1567ರಲ್ಲಿ ಬೈಬಲಿನ ಒಂದು ಕೀರ್ತನೆಗೆ ಕಟ್ಟಿದ ಮಟ್ಟು. ಅದನ್ನೇ ಹಿಡಿದು ಬೆಳೆಸಿದ ಈ ಕೃತಿಯನ್ನು ವಾನ್ ವಿಲಿಯಮ್ಸ್ 1910ರಲ್ಲಿ ಗ್ಲಾಸ್ಟರ್ ಕೆಥೆಡ್ರಲ್‌ನಲ್ಲಿ ಮೊದಲ ಸಲ ನಿರ್ದೇಶಿಸಿದರು. ಬರೀ ತಂತಿವಾದ್ಯಗಳು. ಒಂದು ದೊಡ್ಡ ಗುಂಪು, ಅದರಿಂದ ದೂರ ಕೂರುವ 9 ಜನರ ಚಿಕ್ಕ ಗುಂಪು, ಜೊತೆಗೆ ನಾಲ್ವರು ಸೋಲೋ ವಾದಕರು. ನಾನು ಆ ಒಂಬತ್ತರಲ್ಲಿ ಒಬ್ಬಳು.

ಮೊದಲ ದಿನ ಮಟ್ಟಿನ ಸ್ವರ ಹೇಳಿಕೊಂಡು ನೋಡಿದೆ. ಅರೆ, ಹೆಚ್ಚುಕಡಿಮೆ ಎಲ್ಲ ತೋಡಿ ರಾಗದವೇ! ಇಲ್ಲಿಯವರು ಈ ಸ್ವರಗಳ ಸಾಲನ್ನು ಫ್ರಿಜಿಯನ್ ಅನ್ನುತ್ತಾರೆ. ಖುಷಿಯೇನೋ ಆಯಿತು, ಆದರೆ ಗಾಂಧಾರ ಬಂದ ಕೂಡಲೇ ಬೆರಳು ತಾನಾಗಿಯೇ ಅಲುಗುತ್ತಿತ್ತು. ತೋಡಿಯ ಗಾಂಧಾರವನ್ನು ಗಮಕವಿಲ್ಲದೆ, ಅಂದರೆ ಅಲುಗಿಸದೆ, ನುಡಿಸಿ ಗೊತ್ತೇ ಇಲ್ಲವಲ್ಲ! ಮನೆಯಲ್ಲಿ ಜಿ ಶ್ರುತಿಗೆ ತಂಬೂರಿ ಆ್ಯಪ್ ಹಾಕಿಕೊಂಡು, ಒಂದೊಂದು ಸ್ವರವನ್ನೂ 8 ಎಣಿಕೆ ನೇರವಾಗಿ ಎಳೆದೆ. ಮೂರು ವಾರ ಬೇಕಾಯಿತು.

ಅದಕ್ಕಿಂತ ಕಷ್ಟ ಆಗಿದ್ದು ಚರ್ಚಿನಲ್ಲಿ ನಡೆದ ತಾಲೀಮಿನಲ್ಲಿ. ನಮ್ಮನ್ನು ದೊಡ್ಡ ಗುಂಪಿನಿಂದ ಸುಮಾರು 20 ಮೀಟರ್ ಹಿಂದೆ ಕೂರಿಸಿದ್ದರು. ಅಷ್ಟು ದೂರ ಬರಲು ಸದ್ದಿಗೆ ಹತ್ತಿರ ಹತ್ತಿರ 60 ಮಿಲಿಸೆಕೆಂಡ್ ಬೇಕು. ಕೇಳಿಸಿದಮೇಲೆ ನುಡಿಸಿದರೆ ನಮ್ಮ ಸದ್ದು ಆ ಕಡೆ ಮುಟ್ಟಲು ಇನ್ನೂ ಅಷ್ಟೇ ಹೊತ್ತು. ಪಕ್ಕವಾದ್ಯ ನುಡಿಸಿದವರಿಗೆ ಹಾಡುವವರ ಬೆನ್ನು ಹಿಡಿದು ಹೋಗುವುದು ರಕ್ತದಲ್ಲೇ ಬಂದಿರುತ್ತದೆ, ಅಲ್ವಾ? ನಾನೂ ಹಾಗೇ ಮಾಡಿದೆ. ಆರ್ಕೆಸ್ಟ್ರಾ ನಡೆಸುವ ಕಂಡಕ್ಟರ್ ಎರಡು ಸಲ ನಿಲ್ಲಿಸಿದರು. ಆಮೇಲೆ ಕಿವಿಯ ಮಾತು ಕೇಳುವುದು ಬಿಟ್ಟು, ಅವರ ಕೈಯ ಕೋಲು ಕೆಳಗೆ ಮುಟ್ಟುವ ಕ್ಷಣಕ್ಕೇ ಕಮಾನು ಎಳೆದೆ. ನನಗೆ ಅದು ಅವಸರ ಅನ್ನಿಸುತ್ತಿತ್ತು. ಅವರಿಗೆ ಸರಿಯಾಗಿ ಕೇಳಿಸಿತು.

ಕಚೇರಿಯ ದಿನ ನಮ್ಮ ಒಂಬತ್ತು ಜನರ ಮೆಲುದನಿ ಕಲ್ಲಿನ ಗೋಡೆಗಳಿಂದ ಬಂದ ಹಾಗೆ ಕೇಳಿಸಿತು ಅಂತ ಮುಂದಿನ ಸಾಲಿನಲ್ಲಿದ್ದ ಗೆಳತಿ ಹೇಳಿದಳು. ಕೃತಿ ಮುಗಿಯುವ ಸ್ವರಗುಚ್ಛದಲ್ಲಿ ಇರುವುದು ತೋಡಿಯ ಗಾಂಧಾರಕ್ಕಿಂತ ಎತ್ತರದ ಅಂತರ ಗಾಂಧಾರ. ತೋಡಿಯಲ್ಲಿ ಆ ಸ್ವರ ಇಲ್ಲ. ಅದು ಸಣ್ಣಗಾಗುತ್ತಾ ಹೋಗುವಾಗ ನಾನು ಕಮಾನನ್ನು ತಂತಿಯಿಂದ ಎತ್ತದೆ ಹಾಗೇ ಕೂತಿದ್ದೆ.